ಪ್ರೇಮಹಾಸ್ಯದ ಚಿತ್ರ ನೋಡಿ ಸುಮ್ಮನೆ ನಕ್ಕು ಬಂದರೆ ಸಾಲದೇ?

ಕೌಲ್‌ಬಜಾರಿನ ಪ್ರೇಕ್ಷಕ, ಬಳ್ಳಾರಿ

ಕಳೆದ ಭಾನುವಾರ ನಾನೂ ನನ್ನ ಮನೆಯವರೂ ಸಂಜೆಯ ಆಟಕ್ಕೆ ಹೋಗಿ ಒಂದು ಪ್ರೇಮಹಾಸ್ಯದ ಚಿತ್ರವನ್ನು ನೋಡಿ ಬಂದೆವು. ಚಿತ್ರದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಮಾತು ನಾಯಕನಟನ ಅಭಿಮಾನಿಗಳ ಜಗಳಕ್ಕೆ ಹೊರಳುತ್ತದೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಕಥೆ ಇಷ್ಟೇ: ಕಲ್ಯಾಣ ಮಂಟಪದ ಮೇಲ್ವಿಚಾರಕನೊಬ್ಬ ಮರೆವಿನಿಂದ ಒಂದೇ ದಿನದ ಒಂದೇ ಮುಹೂರ್ತಕ್ಕೆ ಎರಡು ಮದುವೆಗಳ ಮುಂಗಡ ಪಡೆದುಬಿಟ್ಟಿದ್ದಾನೆ, ಒಂದು ಮದುವೆಯ ಹುಡುಗಿಯ ಅಣ್ಣನಿಗೂ ಇನ್ನೊಂದು ಮದುವೆಯ ಹುಡುಗನ ತಂಗಿಗೂ ಅಡುಗೆಮನೆಯ ಒಲೆಗಳಿಗಾಗಿ ಶುರುವಾದ ಜಗಳವು ಎರಡೂವರೆ ಗಂಟೆಯ ಹೊತ್ತಿಗೆ ಮೂರನೆಯ ಮದುವೆಯಾಗಿ ಮುಗಿಯುತ್ತದೆ. ಹೀಗೆಯೇ ಮುಗಿಯುತ್ತದೆ ಎಂದು ಮೊದಲ ಹತ್ತು ನಿಮಿಷಗಳಲ್ಲಿಯೇ ಎಂಥವರಿಗೂ ತಿಳಿಯುತ್ತದೆ.

ಆ ಚಿತ್ರದಲ್ಲಿ ಒಬ್ಬ ಮುದುಕರ ಪಾತ್ರವಿದೆ. ಅವರು ಎರಡೂ ಮದುವೆಗಳ ಪಂಕ್ತಿಯಲ್ಲಿ ಕುಳಿತು ಎರಡೆರಡು ಬಾರಿ ಉಣ್ಣುತ್ತಾರೆ, ಆದರೆ ಯಾರ ಕಡೆಯವರೆಂಬುದು ಕೊನೆಯವರೆಗೂ ಯಾರಿಗೂ ತಿಳಿಯುವುದಿಲ್ಲ. ಅವರು ಎರಡನೆಯ ಪಂಕ್ತಿಯಲ್ಲಿ ಕುಳಿತು, ಹೋಳಿಗೆ ಬಡಿಸುವವನಿಗೆ ತುಪ್ಪ ಕಡಿಮೆಯಾಯಿತೆಂದು ಬೀಗರ ಗತ್ತಿನಲ್ಲಿ ಗದರಿಸಿದಾಗ, ನನ್ನ ಮನೆಯವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೂರು ತಿಂಗಳ ಹಿಂದೆ ನಮ್ಮ ತಾಯಿಯವರು ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅಂದಿನಿಂದ ಆಸ್ಪತ್ರೆ, ಔಷಧದ ಅಂಗಡಿ, ಮನೆ ಎಂದು ಓಡಾಡುತ್ತಿರುವ ನಾನು ಮನೆಯವರ ಆ ನಗುವನ್ನು ಕೇಳಿ ಬಹಳ ದಿನಗಳಾಗಿದ್ದವು.

ಸೋಮವಾರ ಬೆಳಿಗ್ಗೆ ಒಗ್ಗರಣಿ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಕುಳಿತಿದ್ದಾಗ, ಓದು ಬರಹ ಬಲ್ಲ ಗೆಳೆಯರೊಬ್ಬರು, "ಆ ಚಿತ್ರದಲ್ಲಿ ಅಂಥದ್ದೇನಿದೆ?" ಎಂದು ಕೇಳಿದರು. "ಮನೆಯವರ ಒತ್ತಾಯಕ್ಕೆ ಹೋಗಿದ್ದೆ" ಎಂದುಬಿಟ್ಟೆ. ಅದು ಸುಳ್ಳು. ಟಿಕೆಟ್ ತೆಗೆಸಿದವನು ನಾನೇ, ಅವರನ್ನು ಹೊರಡಿಸಿದವನೂ ನಾನೇ. ಒಂದು ಹಗುರವಾದ ಚಿತ್ರ ನನಗೆ ಇಷ್ಟವಾಯಿತೆಂದು ನೇರವಾಗಿ ಹೇಳಲು ನಾನು ಏಕೆ ಹಿಂಜರಿದೆ ಎಂಬುದು ಅಂದಿನಿಂದ ತಲೆಯಲ್ಲಿ ಸುತ್ತುತ್ತಿದೆ. ಇಂಥ ಚಿತ್ರಗಳನ್ನು ಬರಿಯ ಮನರಂಜನೆಗೆಂದು ನೋಡುವುದಕ್ಕೂ ನಾವು ಕಾರಣ ಕೊಡಬೇಕೇ? ಬಲ್ಲವರು ಬರೆಯಬೇಕಾಗಿ ಕೋರುತ್ತೇನೆ.


ನಿವೃತ್ತ ಮೇಷ್ಟ್ರು, ರಾಯಚೂರು

ಪ್ರೇಕ್ಷಕರೇ, ತಾವು ನಾಚಿಕೊಳ್ಳಬೇಕಾದದ್ದು ಹೇಳಿದ ಸುಳ್ಳಿಗೆ ಮಾತ್ರ. ಚಿತ್ರ ನೋಡಿದ್ದಕ್ಕೆ ಯಾವ ಕಾರಣವನ್ನೂ ಕೊಡಬೇಕಾಗಿಲ್ಲ. ಆದರೂ ಕೇಳಿದ್ದೀರಿ ಎಂದು ನಾಲ್ಕು ಮಾತು ಬರೆಯುತ್ತೇನೆ. ಮೂವತ್ತು ವರ್ಷ ಪಾಠ ಹೇಳಿದವನಿಗೆ ನಾಲ್ಕು ಎಂದರೆ ನಲವತ್ತಾಗುವ ಅಪಾಯವಿದೆ, ಕ್ಷಮಿಸಬೇಕು.

ನಾಟ್ಯವು ಏತಕ್ಕಾಗಿ ಎಂಬ ಪ್ರಶ್ನೆಗೆ ಭರತನು ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿಯೇ ಉತ್ತರ ಹೇಳುತ್ತಾನೆ. ಉಪದೇಶದ ಮಾತು ಅಲ್ಲಿ ಇಲ್ಲದಿಲ್ಲ. ಆದರೆ ಅದರ ಜೊತೆಯಲ್ಲಿಯೇ, ದುಃಖದಲ್ಲಿರುವವರಿಗೆ, ದುಡಿದು ದಣಿದವರಿಗೆ, ಶೋಕದಲ್ಲಿರುವವರಿಗೆ ಇದು ವಿಶ್ರಾಂತಿಯನ್ನು ಕೊಡುವಂಥದ್ದಾಗುತ್ತದೆ ಎಂಬ ಮಾತೂ ಇದೆ. 'ವಿಶ್ರಾಂತಿಜನನ' ಎಂಬುದು ಅಲ್ಲಿಯ ಪದ. ತಮ್ಮ ಮನೆಯವರು ಕಳೆದ ಭಾನುವಾರ ಪಡೆದದ್ದು ಅದನ್ನೇ. ಅದೇ ಗ್ರಂಥದ ರಸಾಧ್ಯಾಯವು ಹಾಸ್ಯವು ಶೃಂಗಾರದಿಂದ ಹುಟ್ಟುತ್ತದೆ ಎನ್ನುತ್ತದೆ. ಪ್ರೀತಿಯಲ್ಲಿ ಬಿದ್ದ ಮನುಷ್ಯನು ತನಗೆ ತಿಳಿಯದಂತೆಯೇ ನಗೆಗೀಡಾಗುತ್ತಾನೆ ಎಂಬುದನ್ನು ನಮ್ಮ ಪೂರ್ವಿಕರು ಅಷ್ಟು ಹಿಂದೆಯೇ ಗುರುತಿಸಿದ್ದರು.

ಇನ್ನು ಕಾಳಿದಾಸ. ಶಾಕುಂತಲದ ಮಾತು ಬಂದರೆ ಎಲ್ಲರೂ ಕೈಮುಗಿಯುತ್ತಾರೆ; ಅವನೇ ಬರೆದ ಮಾಲವಿಕಾಗ್ನಿಮಿತ್ರವನ್ನು ತೆರೆದು ನೋಡುವವರು ಕಡಿಮೆ. ರಾಜ ಅಗ್ನಿಮಿತ್ರನು ಚಿತ್ರದಲ್ಲಿ ಕಂಡ ಹುಡುಗಿಯನ್ನು ಕಣ್ಣಾರೆ ನೋಡಲೆಂದು, ಅವನ ಗೆಳೆಯನಾದ ವಿದೂಷಕನು ಇಬ್ಬರು ನಾಟ್ಯಾಚಾರ್ಯರ ನಡುವೆ ಜಗಳ ಹಚ್ಚಿ, ಯಾರ ಶಿಷ್ಯೆ ಮೇಲೆಂದು ಪರೀಕ್ಷೆ ನಡೆಯುವಂತೆ ಮಾಡುತ್ತಾನೆ. ಆ ಹುಡುಗಿಯನ್ನು ಪಟ್ಟದ ರಾಣಿಯು ಕೂಡಿಹಾಕಿದಾಗ, ವಿದೂಷಕನು ಹಾವು ಕಚ್ಚಿತೆಂದು ಬೊಬ್ಬೆ ಹಾಕಿ, ಹಾವಿನ ಮುದ್ರೆಯಿದ್ದ ರಾಣಿಯ ಉಂಗುರವು ಚಿಕಿತ್ಸೆಗೆ ಬೇಕೆಂದು ಪಡೆದು, ಅದನ್ನೇ ತೋರಿಸಿ ಕಾವಲಿನಿಂದ ಅವಳನ್ನು ಬಿಡಿಸುತ್ತಾನೆ. ಇದನ್ನು ಇಂದು ಒಂದು ಮದುವೆಮನೆಯ ಕಥೆಯಾಗಿ ಬರೆದು, ಹಾವಿನ ಬದಲು ಹೃದಯಾಘಾತದ ನಟನೆಯನ್ನು ಇಟ್ಟರೆ, ತಮ್ಮ ಗೆಳೆಯರು ಅದರಲ್ಲಿ ಏನಿದೆ ಎಂದು ಖಂಡಿತ ಕೇಳುತ್ತಾರೆ.

ಹೊರಗಿನದೂ ಒಂದು ಸಂಗತಿಯಿದೆ. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ, 1934ರಲ್ಲಿ, ಶ್ರೀಮಂತರ ಮಗಳೊಬ್ಬಳೂ ಪತ್ರಕರ್ತನೊಬ್ಬನೂ ಬಸ್ಸಿನಲ್ಲಿ ಜಗಳವಾಡುತ್ತಾ ಪ್ರಯಾಣ ಮಾಡುವ 'ಇಟ್ ಹ್ಯಾಪನ್ಡ್ ಒನ್ ನೈಟ್' ಎಂಬ ಚಿತ್ರ ಬಂದಿತು. ಉತ್ತಮ ಚಿತ್ರ, ನಿರ್ದೇಶಕ, ನಟ, ನಟಿ, ಚಿತ್ರಕಥೆ ಎಂಬ ಐದೂ ಮುಖ್ಯ ಆಸ್ಕರ್ ಪ್ರಶಸ್ತಿಗಳು ಅದೊಂದಕ್ಕೇ ಸಂದವು. ಕೆಲಸ ಕಳೆದುಕೊಂಡ ಜನ ಅದನ್ನು ನೋಡಿ ನಕ್ಕಿದ್ದನ್ನು ಯಾರೂ ಹೊಣೆಗೇಡಿತನ ಎನ್ನಲಿಲ್ಲ.


ಸಿರುಗುಪ್ಪದ ಶಿಕ್ಷಕಿ

ಮೇಷ್ಟ್ರೇ, ತಮ್ಮ ಮೇಲಿನ ಗೌರವದಿಂದಲೇ ಹೇಳುತ್ತೇನೆ: ಆ ಅಗ್ನಿಮಿತ್ರನಿಗೆ ಆಗಲೇ ಇಬ್ಬರು ರಾಣಿಯರಿದ್ದರು. ಮೂರನೆಯವಳಿಗಾಗಿ ಅವನು ನಡೆಸಿದ ಆಟಗಳನ್ನು ನೋಡಿ ನಗುವವರಲ್ಲಿ ಧಾರಿಣಿಯೂ ಇರಾವತಿಯೂ ಇರಲಿಲ್ಲ ಎಂಬುದನ್ನು ತಾವು ಬರೆಯಲು ಮರೆತಿದ್ದೀರಿ.

ನನಗೂ ಇಂಥ ಚಿತ್ರಗಳು ಇಷ್ಟ. ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಮುಗಿದ ರಾತ್ರಿ ನಾನು ನೋಡುವುದೂ ಇಂಥವನ್ನೇ. ಆದರೆ 'ಸುಮ್ಮನೆ ಮನರಂಜನೆ' ಎಂಬ ಮಾತು ಕೇಳಿದ ಕೂಡಲೇ ನನ್ನ ಕಿವಿ ನಿಮಿರುತ್ತದೆ, ಏಕೆಂದರೆ ಆ ಮಾತನ್ನು ಹೆಚ್ಚಾಗಿ ಬಳಸುವುದು ಆಕ್ಷೇಪವನ್ನು ಬಾಯಿ ಮುಚ್ಚಿಸಲಿಕ್ಕೆ. ನಾಯಕನು ಹುಡುಗಿಯ ಹಿಂದೆ ಕಾಲೇಜಿನಿಂದ ಬಸ್ ನಿಲ್ದಾಣದವರೆಗೆ, ಅಲ್ಲಿಂದ ಮನೆಯ ಓಣಿಯವರೆಗೆ ಬರುತ್ತಾನೆ. ಅವಳು ಬೇಡವೆಂದಷ್ಟೂ ಹಾಡು ಜೋರಾಗುತ್ತದೆ. ಕೊನೆಗೆ ಅವಳು ನಕ್ಕುಬಿಡುತ್ತಾಳೆ, ಚಿತ್ರಮಂದಿರದಲ್ಲಿ ಶಿಳ್ಳೆ ಬೀಳುತ್ತದೆ. ನನ್ನ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಅದೇ ಓಣಿಯಲ್ಲಿ ಅದೇ ನಡೆದಾಗ ಅವರು ಶಾಲೆ ಬಿಡುವ ಮಾತಾಡುತ್ತಾರೆ. ನಗುವಿಗೆ ಕಾರಣ ಕೊಡಬೇಕಾಗಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಯಾರನ್ನು ಹಣಿದು ಆ ನಗುವನ್ನು ಎಬ್ಬಿಸಿದ್ದಾರೆ ಎಂದು ನಾನು ನೋಡುತ್ತೇನೆ. ನೋಡಿದ ಮೇಲೂ ನಗು ಉಳಿದರೆ ಅದು ಒಳ್ಳೆಯ ಚಿತ್ರ.


ತೋರಣಗಲ್ಲಿನ ರಾತ್ರಿಪಾಳಿ

ನಾನು ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುವವನು. ರಾತ್ರಿಪಾಳಿ ಮುಗಿಸಿ ಬಂದವನಿಗೆ ಕೂಡಲೇ ನಿದ್ದೆ ಹತ್ತುವುದಿಲ್ಲ, ಕಿವಿಯಲ್ಲಿ ಯಂತ್ರಗಳ ಸದ್ದು ಇನ್ನೂ ಉಳಿದಿರುತ್ತದೆ. ಆ ಹೊತ್ತಿನಲ್ಲಿ ಕೊಲೆಯ ಕಥೆಯನ್ನು ನೋಡಿದರೆ ನಿದ್ದೆ ಇನ್ನೂ ದೂರವಾಗುತ್ತದೆ, ಗಂಭೀರವಾದ ಚಿತ್ರವನ್ನು ನೋಡಿದರೆ ಅರ್ಧಕ್ಕೆ ಕಣ್ಣು ಮುಚ್ಚಿ ಆ ಚಿತ್ರಕ್ಕೆ ಅವಮಾನ ಮಾಡಿದಂತಾಗುತ್ತದೆ. ಪ್ರೇಮಹಾಸ್ಯದ ಚಿತ್ರಕ್ಕೆ ಅಂಥ ಬಿಗುಮಾನವಿಲ್ಲ. ನಡುವೆ ಇಪ್ಪತ್ತು ನಿಮಿಷ ನಿದ್ದೆ ಹೋಗಿ ಎದ್ದರೂ ಅವರಿಬ್ಬರು ಇನ್ನೂ ಜಗಳವಾಡುತ್ತಲೇ ಇರುತ್ತಾರೆ. ಕೊನೆ ಗೊತ್ತಿದ್ದು ಏಕೆ ನೋಡುತ್ತೀರಿ ಎಂದು ಕೇಳುವವರಿಗೆ, ಕೊನೆ ಗೊತ್ತಿರುವುದರಿಂದಲೇ ನೋಡುತ್ತೇನೆ ಎಂದು ಹೇಳುತ್ತೇನೆ.


ಕೊಪ್ಪಳದ ರಂಗಾಸಕ್ತ

ಮೇಷ್ಟ್ರು ಉಜ್ಜಯಿನಿಯವರೆಗೂ ಅಮೆರಿಕದವರೆಗೂ ಹೋಗಿ ಬಂದರು. ನಮ್ಮ ಮೂರು ಜಿಲ್ಲೆಗಳಲ್ಲಿಯೇ ಹುಡುಕಿದ್ದರೂ ಸಾಕಷ್ಟು ಸಿಗುತ್ತಿತ್ತು.

ನಮ್ಮ ಕಡೆಯ ತೊಗಲುಗೊಂಬೆಯಾಟವನ್ನೇ ತೆಗೆದುಕೊಳ್ಳಿ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಮ್ಮವರೆಲ್ಲ ಈ ಕಲೆಯ ಬಗ್ಗೆ ಹೆಮ್ಮೆಯಿಂದ ಮಾತನಾಡಿದೆವು, ಆದರೆ ಆಟವನ್ನು ರಾತ್ರಿಯೆಲ್ಲ ಕುಳಿತು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಪರದೆಯ ಮೇಲೆ ರಾಮಾಯಣ ನಡೆಯುತ್ತಿರುತ್ತದೆ. ಸೀತಾಪಹರಣವಾಗಿದೆ, ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಅಷ್ಟರಲ್ಲಿ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಕುಣಿಯುತ್ತಾ ಬರುತ್ತಾರೆ. ಅವನ ಗತ್ತು, ಅವಳ ಬೈಗುಳ, ಅವನು ಅವಳನ್ನು ಒಲಿಸಿಕೊಳ್ಳಲು ಮಾಡುವ ಹರಸಾಹಸ, ಅವಳು ಒಂದೇ ಮಾತಿನಲ್ಲಿ ಅವನನ್ನು ನೆಲಕ್ಕೆ ಕೆಡವುವುದು. ಅಳುತ್ತಿದ್ದವರೇ ನಗುತ್ತಾರೆ. ಆ ಜೋಡಿಯಿಂದ ರಾಮಾಯಣದ ಘನತೆ ಕಡಿಮೆಯಾಯಿತೆಂದು ಊರಿನ ಹಿರಿಯರು ಎಂದೂ ದೂರಿದ್ದನ್ನು ನಾನು ಕೇಳಿಲ್ಲ. ಬೆಳಗಿನ ಜಾವದವರೆಗೆ ಜನರನ್ನು ಎಚ್ಚರವಾಗಿಟ್ಟವರೇ ಅವರಿಬ್ಬರು.

ಬಳ್ಳಾರಿಯವರಿಗೆ ಇನ್ನೊಂದು ನೆನಪು. ಹೆಸರಾಂತ ರಂಗನಟ ಬಳ್ಳಾರಿ ರಾಘವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಿಮ್ಮ ಊರಿನಲ್ಲಿ ನಾಟಕ ಸಭೆಯೊಂದನ್ನು ಕಟ್ಟಿದರು. ಅದರ ಹೆಸರು 'ಸರಸ ವಿನೋದಿನಿ ಸಭಾ'. ತೆಲುಗಿನ ಮೊದಲ ದುರಂತ ನಾಟಕವೆಂದು ಹೆಸರಾದ 'ವಿಷಾದ ಸಾರಂಗಧರ'ವನ್ನು ಬರೆದವರೂ ಅವರೇ. ದುರಂತ ಬರೆಯುವ ಕೈಗೆ ತನ್ನ ಸಭೆಯನ್ನು ಸರಸವೆಂದೂ ವಿನೋದವೆಂದೂ ಕರೆಯಲು ಯಾವ ಮುಜುಗರವೂ ಆಗಲಿಲ್ಲ. ಕೌಲ್‌ಬಜಾರಿನವರ ಗೆಳೆಯರಿಗೆ ಇದನ್ನು ಮಿರ್ಚಿ ತಿನ್ನುವಾಗಲೇ ಹೇಳಬೇಕು.

ನನ್ನದೊಂದು ತಕರಾರು ಮಾತ್ರ ಇದೆ. ಕನ್ನಡದ ಪ್ರೇಮಹಾಸ್ಯ ಚಿತ್ರಗಳಲ್ಲಿ ಪ್ರೀತಿಸುವವರು ಮೈಸೂರು ಬೆಂಗಳೂರಿನ ಮಾತನ್ನಾಡುತ್ತಾರೆ. ನಮ್ಮ ಕಡೆಯ ಮಾತು ಬರುವುದು ನಾಯಕನ ಗೆಳೆಯನ ಬಾಯಲ್ಲಿ, ಅಡುಗೆಯವನ ಬಾಯಲ್ಲಿ, ಜನರನ್ನು ನಗಿಸಲಿಕ್ಕೆ. ನಮ್ಮ ಮಾತಿನಲ್ಲಿ ಬೈಯಬಹುದು, ನಗಿಸಬಹುದು, ಆದರೆ 'ನೀ ಇಲ್ಲದಿದ್ದರ ನನಗ ಹೊತ್ತು ಹೋಗೂದಿಲ್ಲ' ಎಂದು ಒಬ್ಬ ಹುಡುಗ ಹುಡುಗಿಗೆ ಹೇಳಬಾರದೇ? ನನ್ನ ಹೆಂಡತಿಗೆ ನಾನು ಹೇಳಿದ್ದು ಅದೇ ಮಾತಿನಲ್ಲಿ, ಅವಳು ನಗಲಿಲ್ಲ.


ಲಿಂಗಸುಗೂರಿನ ವಿದ್ಯಾರ್ಥಿ

ಎಲ್ಲರೂ ಇಷ್ಟು ಹೊಗಳುತ್ತಿರುವುದರಿಂದ ಒಂದು ಮಾತು. ಹತ್ತು ಚಿತ್ರಗಳಲ್ಲಿ ಎಂಟು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಮಧ್ಯಂತರದ ಹೊತ್ತಿಗೆ ಪ್ರೀತಿ, ಆಮೇಲೆ ತಪ್ಪು ತಿಳಿವಳಿಕೆ, ಕೊನೆಗೆ ವಿಮಾನ ನಿಲ್ದಾಣಕ್ಕೋ ರೈಲು ನಿಲ್ದಾಣಕ್ಕೋ ಓಟ. ಕೈಯಲ್ಲಿ ಮೊಬೈಲ್ ಇಟ್ಟುಕೊಂಡೇ ಓಡುತ್ತಾರೆ, ಒಂದು ಕರೆ ಮಾಡುವುದಿಲ್ಲ. 'ಹಗುರವಾದ ಚಿತ್ರ' ಎಂದರೆ ಬರೆಯುವವರು ಬುದ್ಧಿಯನ್ನು ಮನೆಯಲ್ಲಿ ಬಿಟ್ಟು ಬರಬಹುದು ಎಂದು ಅರ್ಥವೇ?


ಸಿಂಧನೂರಿನ ಭತ್ತದ ರೈತ

ವಿದ್ಯಾರ್ಥಿಗಳೇ, ಮೊಬೈಲಿನ ವಿಚಾರದಲ್ಲಿ ನೀವು ಹೇಳಿದ್ದು ಸರಿಯಾಗಿದೆ. ಅದಕ್ಕೇ ನಾನು ಮೊಬೈಲ್ ಬರುವುದಕ್ಕಿಂತ ಮೊದಲಿನ ಚಿತ್ರಗಳನ್ನು ಹೆಚ್ಚು ನೋಡುತ್ತೇನೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿರಬೇಕು. ಎಡದಂಡೆ ಕಾಲುವೆಯನ್ನು ನಂಬಿದ ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಟಿ.ವಿ. ಆರಿಸುತ್ತಲೇ ಇರಲಿಲ್ಲ. ನೀರು ಹೊಳೆಯ ಪಾಲಾಗುವುದನ್ನು ಹಗಲೂ ರಾತ್ರಿ ತೋರಿಸುತ್ತಿದ್ದರು. ಈಗಿನ ಬೆಳೆಗೇ ನೀರು ಉಳಿಯುತ್ತದೆಯೋ ಇಲ್ಲವೋ ಎಂಬ ಸ್ಥಿತಿಯಲ್ಲಿ ಎರಡನೆಯ ಬೆಳೆಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮೂರನೆಯ ದಿನವೋ ನಾಲ್ಕನೆಯ ದಿನವೋ ನನ್ನ ತಮ್ಮನ ಮಗಳು ಬಂದು, ಕೇಳದೆಯೇ ವಾರ್ತೆಯನ್ನು ಬದಲಿಸಿ, 'ಗಣೇಶನ ಮದುವೆ'ಯನ್ನು ಹಚ್ಚಿದಳು. ಫಣಿ ರಾಮಚಂದ್ರ ಅವರ 1990ರ ಚಿತ್ರ, ಅನಂತನಾಗ್ ಮತ್ತು ವಿನಯಾ ಪ್ರಸಾದ್ ಅವರದು. ಒಂದೇ ವಠಾರದಲ್ಲಿ ಹಗಲೆಲ್ಲ ಕಿತ್ತಾಡುವ ಇಬ್ಬರು, ತಾವು ಮನಸ್ಸಿನಲ್ಲಿ ಮೆಚ್ಚಿಕೊಂಡಿರುವವರು ಪರಸ್ಪರರೇ ಎಂಬುದನ್ನು ಅರಿಯದೆ ಕುಣಿಯುವ ಕಥೆ. ಮನೆಯಲ್ಲಿ ಎಲ್ಲರೂ ಹತ್ತಾರು ಬಾರಿ ನೋಡಿದ್ದೇ.

ಮೊದಲು ಅಪ್ಪ ಏನೂ ಮಾತಾಡಲಿಲ್ಲ. ಅವರು ಗೋಡೆಗೊರಗಿ ಕುಳಿತವರು ಹಾಗೆಯೇ ಕುಳಿತಿದ್ದರು. ವಠಾರದ ಜಗಳವೊಂದು ಬಂದಾಗ, ಮುಂದಿನ ಮಾತನ್ನು ಚಿತ್ರಕ್ಕಿಂತ ಮೊದಲು ಅವರೇ ಹೇಳಿ ನಕ್ಕರು. ಚಿತ್ರ ಮುಗಿದ ಮೇಲೆ ಎರಡು ದಿನಗಳಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡರು. ತಾತ್ಕಾಲಿಕ ಗೇಟು ಕೂರಿಸಿದ ಸುದ್ದಿ ಬಂದದ್ದು ಅದಾದ ಮೇಲೆಯೇ. ಆ ಚಿತ್ರದಿಂದ ಜಲಾಶಯದಲ್ಲಿ ಒಂದು ಅಂಗುಲ ನೀರೂ ನಿಲ್ಲಲಿಲ್ಲ ಎಂಬುದು ನನಗೂ ತಿಳಿದಿದೆ. ಅದರಲ್ಲಿ ಏನಿದೆ ಎಂದು ಕೇಳುವವರು ಅಂದು ನಮ್ಮ ಪಡಸಾಲೆಯಲ್ಲಿ ಇರಬೇಕಾಗಿತ್ತು.


ಗಂಗಾವತಿಯ ಮದುವೆ ವಿಡಿಯೋದವ

ನಾನು ಮದುವೆಗಳ ವಿಡಿಯೋ ತೆಗೆದು ಸಂಕಲನ ಮಾಡುವವನು, ಆದ್ದರಿಂದ ಮದುವೆಮನೆಯ ಚಿತ್ರವೆಂದ ಕೂಡಲೇ ಹೋಗಿ ನೋಡಿ ಬಂದೆ. ಹೆಸರು ಬರೆಯದಿದ್ದರೂ ಎರಡು ಪಂಕ್ತಿಯ ಮುದುಕರಿಂದ ಗುರುತು ಸಿಕ್ಕಿತು.

ಲಿಂಗಸುಗೂರಿನ ತಮ್ಮ ಕೇಳಿದ ಪ್ರಶ್ನೆಗೆ ನನ್ನ ಕಸುಬಿನ ಕಡೆಯಿಂದ ಉತ್ತರ ಹೇಳುತ್ತೇನೆ. ನೋಡುವವರಿಗೆ ಹಗುರ ಎನ್ನಿಸುವುದು ಮಾಡುವವರಿಗೆ ಬಹಳ ಭಾರ. ಅಳಿಸುವ ದೃಶ್ಯದಲ್ಲಿ ಒಂದು ಕ್ಷಣ ಹೆಚ್ಚು ನಿಂತರೂ ಜನ ಕ್ಷಮಿಸುತ್ತಾರೆ, ಸಂಗೀತ ಹಾಕಿ ಮುಚ್ಚಬಹುದು. ನಗಿಸುವ ದೃಶ್ಯದಲ್ಲಿ ಅರ್ಧ ಕ್ಷಣ ತಡವಾದರೆ ಮಾತು ಸತ್ತಂತೆ. ಬೇಗ ಕತ್ತರಿಸಿದರೆ ಇನ್ನೊಂದು ತೊಂದರೆ: ತುಂಬಿದ ಚಿತ್ರಮಂದಿರದಲ್ಲಿ ಮೊದಲ ಮಾತಿನ ನಗುವಿನ ಕೆಳಗೆ ಎರಡನೆಯ ಮಾತು ಮುಳುಗಿಹೋಗುತ್ತದೆ. ಆದ್ದರಿಂದ ಬಲ್ಲವರು ನಗುವಿಗೆಂದು ಜಾಗ ಬಿಡುತ್ತಾರೆ. ಯಾರೋ ಲೋಟ ಇಡುವುದನ್ನು, ಯಾರೋ ತಿರುಗಿ ನೋಡುವುದನ್ನು ಅಲ್ಲಿ ಇಡುತ್ತಾರೆ. ಮೊಬೈಲಿನಲ್ಲಿ ಒಬ್ಬರೇ ನೋಡುವಾಗ ಅದೇ ಜಾಗ ಖಾಲಿಯಾಗಿ ಕಾಣಿಸಿ, ಚಿತ್ರ ನಿಧಾನವಾಯಿತು ಎನ್ನಿಸುತ್ತದೆ.

ಆ ಹೋಳಿಗೆಯ ದೃಶ್ಯವನ್ನು ಎರಡನೆಯ ಬಾರಿ ನೋಡಿದಾಗ ಗಮನಿಸಿದೆ. ಮುದುಕರು ತುಪ್ಪಕ್ಕಾಗಿ ಗದರಿಸುವಾಗ ಅವರ ಮುಖವನ್ನು ಹತ್ತಿರದಿಂದ ತೋರಿಸಿಯೇ ಇಲ್ಲ. ಇಡೀ ಪಂಕ್ತಿ ಕಾಣುವಂತೆ ದೂರದಲ್ಲಿ ಕ್ಯಾಮೆರಾ ನಿಲ್ಲಿಸಿದ್ದಾರೆ. ಮುದುಕರ ಎಡಕ್ಕೆ ಕುಳಿತವರು ಇವರು ನಿಮ್ಮ ಕಡೆಯವರೇ ಎಂದು ಬಲಕ್ಕೆ ಕುಳಿತವರನ್ನು ಕಣ್ಣಿನಲ್ಲಿಯೇ ಕೇಳುತ್ತಾರೆ, ಬಲಗಡೆಯವರು ನಿಮ್ಮವರಲ್ಲವೇ ಎಂದು ಕಣ್ಣಿನಲ್ಲಿಯೇ ಮರುಪ್ರಶ್ನೆ ಹಾಕುತ್ತಾರೆ, ನಡುವೆ ಮುದುಕರು ಹೋಳಿಗೆ ಮುರಿಯುತ್ತಿರುತ್ತಾರೆ. ಮುಖಕ್ಕೆ ಹತ್ತಿರ ಹೋಗಿದ್ದರೆ ಆ ಎರಡು ಕಣ್ಣುಗಳ ಸಂಭಾಷಣೆ ಸಿಗುತ್ತಲೇ ಇರಲಿಲ್ಲ. ಅದು ಬುದ್ಧಿಯನ್ನು ಮನೆಯಲ್ಲಿ ಬಿಟ್ಟು ಬಂದವರ ಕೆಲಸವಲ್ಲ.

ಹಾಗೆಂದು ಚಿತ್ರದ ಉತ್ತರಾರ್ಧವನ್ನು ನಾನು ಹೊಗಳುವುದಿಲ್ಲ. ವಿದೇಶದಲ್ಲಿ ತೆಗೆದ ಹಾಡು ಏಕೆ ಬಂತೆಂದು ತಿಳಿಯಲಿಲ್ಲ. ಮದುವೆಯ ಹಿಂದಿನ ರಾತ್ರಿ ಕಲ್ಯಾಣ ಮಂಟಪದಲ್ಲಿ ಈರುಳ್ಳಿ ಹೆಚ್ಚುತ್ತಾ ಕುಳಿತವರು ಮರುಕ್ಷಣದಲ್ಲಿ ಹಿಮದ ಮೇಲೆ ಕುಣಿಯುತ್ತಾರೆ.


ಸಿರುಗುಪ್ಪದ ಶಿಕ್ಷಕಿ

ವಿಡಿಯೋದವರು ಬರೆದದ್ದನ್ನು ಓದಿದ ಮೇಲೆ ನಾನೂ ನಿನ್ನೆ ಹೋಗಿ ನೋಡಿದೆ. ಹಿಮದ ಹಾಡಿಗೆ ನನ್ನ ಆಕ್ಷೇಪವೇನೂ ಇಲ್ಲ, ಹೊರಗೆ ಅಷ್ಟು ಬಿಸಿಲಿರುವಾಗ ತಂಪಾಗಿಯೇ ಇತ್ತು.

ನಾನು ನೋಡಲು ಹೋದ ವಿಷಯವನ್ನು ಹೇಳುತ್ತೇನೆ. ಮಧ್ಯಂತರದ ನಂತರ ನಾಯಕನು ತನ್ನ ಮನಸ್ಸನ್ನು ಹೇಳುತ್ತಾನೆ, ನಾಯಕಿ ಆಗುವುದಿಲ್ಲ ಎನ್ನುತ್ತಾಳೆ. ಅವನು ಸರಿ ಎಂದು ಹೇಳಿ, ಹೊತ್ತು ತಂದಿದ್ದ ಬಾಳೆಎಲೆಯ ಕಟ್ಟನ್ನು ಅಲ್ಲಿಯೇ ಇಟ್ಟು, ಹೊರಟುಹೋಗುತ್ತಾನೆ. ಹಿಂದೆ ಬರುವುದಿಲ್ಲ, ಹಾಡುವುದಿಲ್ಲ. ಆಮೇಲೆ ಅವಳೇ ಎಲೆಗಳು ಯಾವ ಮದುವೆಯ ಕಡೆಯವು ಎಂದು ಕೇಳುವ ನೆಪದಲ್ಲಿ ಅವನನ್ನು ಹುಡುಕಿಕೊಂಡು ಹೋಗುತ್ತಾಳೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಕಾಲೇಜು ಹುಡುಗಿಯರು ಆ ದೃಶ್ಯದಲ್ಲಿಯೇ ಹೆಚ್ಚು ನಕ್ಕರು. ಅಷ್ಟಕ್ಕೆ ನನ್ನ ತಕರಾರನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಈ ಒಂದು ಚಿತ್ರದ ಮಟ್ಟಿಗೆ ಮಾತ್ರ. ದಪ್ಪಗಿರುವ ಅತ್ತೆಯ ಮೇಲಿನ ಮೂರು ಹಾಸ್ಯಗಳು ಹಳಸಿದ್ದವು. ಅಲ್ಲಿ ಯಾರೂ ನಗಲಿಲ್ಲ ಎಂಬುದನ್ನೂ ಬರೆದಿಡುತ್ತೇನೆ.


ತೋರಣಗಲ್ಲಿನ ರಾತ್ರಿಪಾಳಿ

ಈ ಬಗೆಯ ಚಿತ್ರಗಳಲ್ಲಿ ನನಗೆ ಇಂದಿಗೂ ಮೊದಲನೆಯದು 'ಮುಂಗಾರು ಮಳೆ'. ಅದನ್ನು ಯಾರೂ ಹೆಸರಿಸದಿರುವುದು ಆಶ್ಚರ್ಯ.


ನಿವೃತ್ತ ಮೇಷ್ಟ್ರು, ರಾಯಚೂರು

ರಾತ್ರಿಪಾಳಿಯವರೇ, ತಾವು ಅದರ ಕೊನೆಯ ಹೊತ್ತಿಗೆ ನಿದ್ದೆ ಹೋಗಿದ್ದಿರೇನೋ! 2006ರ ಡಿಸೆಂಬರ್ ಕೊನೆಯಲ್ಲಿ ಬಂದ ಯೋಗರಾಜ್ ಭಟ್ ಅವರ ಆ ಚಿತ್ರದಲ್ಲಿ ಗಣೇಶ್ ಅವರ ಪಾತ್ರವು ಮೊದಲಿನಿಂದ ಎಲ್ಲರನ್ನೂ ನಗಿಸುತ್ತದೆ, ನಿಜ. ಆದರೆ ಕೊನೆಯಲ್ಲಿ ಅವನು ತಾನು ಪ್ರೀತಿಸಿದವಳನ್ನು ಬಿಟ್ಟುಕೊಟ್ಟು ಹೋಗುತ್ತಾನೆ. ಕೊನೆ ಗೊತ್ತಿರುವುದರಿಂದಲೇ ನೋಡುತ್ತೇನೆ ಎಂದು ತಾವೇ ಬರೆದಿರಿ. ಅಂದು ಸಂತೋಷದ ಕೊನೆ ಗೊತ್ತಿದೆ ಎಂದುಕೊಂಡು ಒಳಗೆ ಹೋದವರನ್ನು ಆ ಚಿತ್ರ ಅಳಿಸಿ ಕಳುಹಿಸಿತು. ಅದು ಬಹಳ ಒಳ್ಳೆಯ ಚಿತ್ರ. ನಾವು ಇಲ್ಲಿ ಮಾತನಾಡುತ್ತಿರುವ ಜಾತಿಯದಲ್ಲ, ಅಷ್ಟೇ. ಮೇ ತಿಂಗಳ ರಾಯಚೂರಿನಲ್ಲಿ ಅದನ್ನು ಮತ್ತೊಮ್ಮೆ ನೋಡಿದಾಗ, ಪ್ರೇಮಕ್ಕಿಂತ ಮಳೆಯ ಮೇಲೆಯೇ ನನಗೆ ಹೆಚ್ಚು ಅಸೂಯೆಯಾಯಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಶಿಕ್ಷಕಿಯವರ ಮಾತಿಗೆ ಉತ್ತರ ಕೊಡುವುದು ಉಳಿದಿತ್ತು. ಅಮ್ಮಾ, ಧಾರಿಣಿ ಇರಾವತಿಯರ ವಿಷಯದಲ್ಲಿ ತಾವು ಹೇಳಿದ್ದು ಸರಿ. ಆ ನಾಟಕವನ್ನು ನಲವತ್ತು ವರ್ಷಗಳಿಂದ ಓದುತ್ತಿದ್ದೇನೆ, ಹಾವಿನ ಪ್ರಸಂಗಕ್ಕೆ ಪ್ರತಿಬಾರಿಯೂ ನಕ್ಕಿದ್ದೇನೆ. ಮೋಸ ಹೋದ ರಾಣಿಗೆ ಉಂಗುರವನ್ನು ಕೊಡುವಾಗ ಹೇಗನ್ನಿಸಿರಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಇನ್ನು ಮುಂದೆಯೂ ನಗುತ್ತೇನೆ, ಸ್ವಲ್ಪ ಕಡಿಮೆ.


ಕೌಲ್‌ಬಜಾರಿನ ಪ್ರೇಕ್ಷಕ, ಬಳ್ಳಾರಿ

ಎಲ್ಲರಿಗೂ ವಂದನೆಗಳು. ಕೇಳಿದ್ದು ಒಂದು ಸಣ್ಣ ಪ್ರಶ್ನೆ, ಸಿಂಧನೂರಿನವರ ಪಡಸಾಲೆಯನ್ನು ಓದುವಾಗ ನನ್ನ ಗಂಟಲು ಕಟ್ಟಿತು. ವಿಡಿಯೋದವರು ಹೇಳಿದ ಎರಡು ಕಣ್ಣುಗಳ ಸಂಭಾಷಣೆಯನ್ನು ನಾನು ಗಮನಿಸಿಯೇ ಇರಲಿಲ್ಲ, ನಕ್ಕಿದ್ದಷ್ಟೇ ನೆನಪಿದೆ. ಲಿಂಗಸುಗೂರಿನ ವಿದ್ಯಾರ್ಥಿಗಳಿಗೂ ಒಂದು ಮಾತು: ಈ ಚಿತ್ರದಲ್ಲಿ ಕೊನೆಯ ಓಟವಿಲ್ಲ, ಇಬ್ಬರೂ ಒಂದೇ ಕಲ್ಯಾಣ ಮಂಟಪದಲ್ಲಿಯೇ ಇರುವುದರಿಂದ ಓಡಲು ಜಾಗವೂ ಇಲ್ಲ.

ಸೋಮವಾರದ ಗೆಳೆಯರನ್ನು ಮತ್ತೆ ಕಂಡಾಗ, ಒತ್ತಾಯ ಮಾಡಿದವನು ನಾನೇ ಎಂದು ಹೇಳಿದೆ, ಸರಸ ವಿನೋದಿನಿ ಸಭೆಯ ಸಂಗತಿಯನ್ನೂ ಹೇಳಿದೆ. ಅವರು ಮಿರ್ಚಿಯನ್ನು ಅರ್ಧಕ್ಕೆ ನಿಲ್ಲಿಸಿ, ತಾವು ಅದೇ ಚಿತ್ರವನ್ನು ಶುಕ್ರವಾರವೇ ನೋಡಿದ್ದಾಗಿಯೂ, ಮುದುಕರು ಯಾರ ಕಡೆಯವರೆಂಬುದು ತಮಗೂ ತಿಳಿಯಲಿಲ್ಲವೆಂದೂ ತಗ್ಗಿದ ದನಿಯಲ್ಲಿ ಹೇಳಿದರು.

ರಾತ್ರಿ ಈ ಚರ್ಚೆಯನ್ನೆಲ್ಲ ಮನೆಯವರಿಗೆ ಓದಿ ಹೇಳಿದೆ. ನಾನು ಹೇಳಿದ ಸುಳ್ಳಿನ ಭಾಗ ಬಂದಾಗ ಅವರು ಕೈಯಲ್ಲಿದ್ದ ಔಷಧದ ಡಬ್ಬಿಯನ್ನು ಕೆಳಗಿಟ್ಟು, "ಹಂಗಾದ್ರ ಈ ಐತವಾರ ನನ್ನ ಒತ್ತಾಯಕ್ಕ ನೀವು ಬರ್ರಿ, ಅತ್ತೀನ ನೋಡ್ಕೊಳ್ಳಾಕ ನಮ್ಮ ತಂಗಿ ಬರ್ತಾಳ" ಎಂದರು. ಯಾವ ಚಿತ್ರವೆಂದು ಕೇಳಿದೆ. ಅದೇ ಚಿತ್ರ, ಹೋಳಿಗೆಯ ದೃಶ್ಯವನ್ನು ಇನ್ನೊಮ್ಮೆ ನೋಡಬೇಕಂತೆ.